ಅರ್ಧ ಗೇಣು ನೀರಿನ ಒತ್ತಡದಲ್ಲಿ ಆರೂವರೆ ವರ್ಷ: ಸಿಪ್ಯಾಪ್ ಯಂತ್ರದ ಕುರಿತು ಒಬ್ಬ ಬಳಕೆದಾರನ ವಿಮರ್ಶೆ

ಹೋದ ತಿಂಗಳ ಒಂದು ರಾತ್ರಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿರುವ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಕಾಯಿಲೆಗೆ ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರದ ಗುಂಡಿ ಒತ್ತಿದಾಗ, ಮೋಟಾರಿನ ನಿಗದಿತ ಆಯಸ್ಸು ಮುಗಿದಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಯಂತ್ರವೇನೂ ನಿಲ್ಲಲಿಲ್ಲ; ಎಂದಿನಂತೆ ಮೆಲ್ಲಗೆ ಗಾಳಿ ಊದತೊಡಗಿತು. ಲೆಕ್ಕದ ಪುಟ ತೆರೆದು ನೋಡಿದರೆ 2019ರ ಜನವರಿಯಿಂದ ಈಚೆಗೆ ಅದು 13,800 ಗಂಟೆಗಳಿಗೂ ಹೆಚ್ಚು ಓಡಿತ್ತು, ಮತ್ತು ಅಷ್ಟೂ ಗಂಟೆ ಅದರ ಕೊಳವೆಯ ಇನ್ನೊಂದು ತುದಿಯಲ್ಲಿ ನನ್ನ ಮೂಗು ಇತ್ತು. ಇಂತಹ ಯಂತ್ರಗಳ ಬಗ್ಗೆ ಕೊಂಡ ಮೊದಲ ವಾರದಲ್ಲಿ ಬರೆದ ಹೊಗಳಿಕೆಗಳೂ ಮೊದಲ ತಿಂಗಳಲ್ಲೇ ಬೇಸತ್ತವರ ಬೈಗುಳಗಳೂ ಬೇಕಾದಷ್ಟು ಸಿಗುತ್ತವೆ. ವರ್ಷಗಟ್ಟಲೆ ಬಳಸಿದವರ ಮಾತು ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಮಾರಿದ ಅಂಗಡಿಯ ಹೆಸರನ್ನಾಗಲಿ ಹೇಳುವುದಿಲ್ಲ. ಈ ವಿಮರ್ಶೆ ಚಿಕಿತ್ಸೆಯದು, ತುಮಕೂರಿನಂತಹ ಊರಿನಲ್ಲಿ ಅದನ್ನು ನಡೆಸಿಕೊಂಡು ಹೋಗುವ ಪಾಡಿನದು. ಅಂಕ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಗಾಳಿಗೆ ಐದಕ್ಕೆ ಐದು, ಮಾಸ್ಕಿಗೆ ಮೂರು, ಮಾರಾಟದ ನಂತರದ ಸೇವೆಗೆ ಒಂದೂವರೆ.

ಆಗ ನಾನು ದಿನವೂ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ಬೆಳಗಿನ ರೈಲಿನಲ್ಲಿ ತೂಕಡಿಸುವುದು ಪಾಸಿನವರಾರಿಗೂ ಹೊಸದಲ್ಲ. ಆದರೆ ಕ್ಯಾತ್ಸಂದ್ರ ದಾಟುವ ಮೊದಲೇ ಕುತ್ತಿಗೆ ವಾಲಿಸಿ, ಇಳಿಯಬೇಕಾದ ಯಶವಂತಪುರವನ್ನು ಬಿಟ್ಟು ಮೆಜೆಸ್ಟಿಕ್ಕಿನಲ್ಲಿ ಕಣ್ಣು ಬಿಡುವುದು ತಿಂಗಳಿಗೆ ಮೂರು ನಾಲ್ಕು ಸಲ ಆಗತೊಡಗಿತ್ತು. ಜೊತೆಯವರು ನನ್ನ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು, ಎಲ್ಲರೂ ನಕ್ಕರು. ಮನೆಯಲ್ಲಿ ಅಣ್ಣನಿಗೆ ಇದೇ ಕಾಯಿಲೆ ಇದ್ದ ಒಬ್ಬರು ಮಾತ್ರ ಮರುದಿನ ಪಕ್ಕದಲ್ಲಿ ಬಂದು ಕುಳಿತು, "ಗೊರಕೆ ಕೇಳಿಸೋವರೆಗೂ ಭಯ ಇಲ್ಲ ಸಾರ್, ಮಧ್ಯೆ ನಿಂತು ಹೋಗುತ್ತಲ್ಲ, ಅದನ್ನ ಕೇಳಿ" ಎಂದರು. ಕೇಳಿದೆ. ಹದಿನೆಂಟು ಸೆಕೆಂಡು ಏನೂ ಇರಲಿಲ್ಲ. ರೈಲಿನ ಗಾಲಿಯ ಸದ್ದು ಮಾತ್ರ. ಆಮೇಲೆ ಬಾವಿಯಲ್ಲಿ ಮುಳುಗಿದವನು ಮೇಲೆದ್ದು ಉಸಿರೆಳೆದುಕೊಂಡಂತಹ ಶಬ್ದ. ಅದೇ ತಿಂಗಳು ಬಟವಾಡಿಯ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲೆ ಕುಳಿತಿದ್ದಂತೆಯೇ ಒಂದು ಕ್ಷಣ ನಿದ್ದೆ ಹೋಗಿ ಮುಂದಿನ ಆಟೋಗೆ ತಾಗಿಸಿದ ಮೇಲೆ ಪರೀಕ್ಷೆಗೆ ಒಪ್ಪಿದೆ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತಲೆ, ಎದೆ, ಕಾಲುಗಳಿಗೆಲ್ಲ ತಂತಿ ಅಂಟಿಸಿಕೊಂಡು ಒಂದು ರಾತ್ರಿ ಮಲಗಿದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಇಲ್ಲವೇ ಬಹಳವಾಗಿ ತಗ್ಗಿದರೆ ಅದನ್ನು ಒಂದು ಘಟನೆ ಎಂದು ಎಣಿಸುತ್ತಾರೆ. ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು 38 ಇತ್ತು. ರಕ್ತದ ಆಮ್ಲಜನಕ ಒಮ್ಮೆ ಶೇಕಡಾ 74ಕ್ಕೆ ಇಳಿದಿತ್ತು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡಾಗ ನಾಲಿಗೆಯ ಬುಡ ಮತ್ತು ಮೆದು ಅಂಗುಳು ಹಿಂದಕ್ಕೆ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ, ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸಿ ದಾರಿ ತೆರೆಸುತ್ತದೆ, ಬೆಳಿಗ್ಗೆ ನಮಗೆ ಅದಾವುದೂ ನೆನಪಿರುವುದಿಲ್ಲ ಎಂದು ವೈದ್ಯರು ತಿಳಿಸಿ ಹೇಳಿದರು. ಎಂಟು ಗಂಟೆ ಮಲಗಿಯೂ ಮೈ ಏಕೆ ಜಡವಾಗಿರುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಸಿಪ್ಯಾಪ್ ಮಾಡುವ ಕೆಲಸ ಬಹಳ ಸರಳವಾದುದು. ಗಾಳಿಯನ್ನು ಸ್ವಲ್ಪ ಒತ್ತಡದಲ್ಲಿ ಮೂಗಿನ ಮೂಲಕ ಊದುತ್ತಾ ಇರುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಅದರ ಗೋಡೆಗಳು ಒಂದಕ್ಕೊಂದು ಅಂಟದೆ ನಿಲ್ಲುವಂತೆ ಗಂಟಲಿನ ಗೋಡೆಗಳೂ ಕುಸಿಯದೆ ನಿಲ್ಲುತ್ತವೆ. ಈ ಒತ್ತಡವನ್ನು ನೀರಿನ ಎತ್ತರದಲ್ಲಿ ಅಳೆಯುವುದು ರೂಢಿ, ಮತ್ತು ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರಿನವರೆಗೆ ಊದುತ್ತವೆ. ನನಗೆ ಬೇಕಾಗುವುದು ಸುಮಾರು 11, ಅಂದರೆ ಅರ್ಧ ಗೇಣು ನೀರು. ನಮ್ಮ ಸುತ್ತಲಿನ ವಾಯುವಿನ ಒತ್ತಡದ ನೂರರಲ್ಲಿ ಒಂದು ಪಾಲಿನಷ್ಟು ಹೆಚ್ಚಳ, ಅಷ್ಟೆ. ಇದನ್ನು ಕಂಡುಹಿಡಿದವರು ಸಿಡ್ನಿಯ ಕಾಲಿನ್ ಸಲಿವನ್. 1980ರಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗಿಸಿ 1981ರಲ್ಲಿ ಐವರು ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಮೊದಮೊದಲ ಯಂತ್ರಕ್ಕೆ ಬಳಸಿದ್ದು ಕಸ ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ಅದಕ್ಕೂ ಮೊದಲು ತೀವ್ರ ಕಾಯಿಲೆಗೆ ಇದ್ದ ಖಚಿತ ಪರಿಹಾರವೆಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಬೇರೆ ದಾರಿ ಕೊಡುವುದಾಗಿತ್ತು. ಮಾಸ್ಕ್ ಕಿರಿಕಿರಿ ಎನಿಸಿದ ರಾತ್ರಿಗಳಲ್ಲಿ ನಾನು ಆ ತೂತನ್ನು ನೆನೆಸಿಕೊಳ್ಳುತ್ತೇನೆ.

ಮೊದಲ ತಿಂಗಳು ಹಿಂಸೆಯೇ ಆಯಿತು, ಮತ್ತು ಆ ಹಿಂಸೆಯಲ್ಲಿ ಅರ್ಧದಷ್ಟು ಅನಗತ್ಯವಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅಂಗಡಿಯವರು ಮನೆಗೆ ಕಳಿಸಿದ ಹುಡುಗ ಪ್ಲಗ್ ಹಾಕಿ, ಮಾಸ್ಕಿನ ಪಟ್ಟಿ ಬಿಗಿದು, "ಆಟೋ ಸಾರ್, ಅದೇ ಎಲ್ಲಾ ನೋಡ್ಕೊಳುತ್ತೆ" ಎಂದು ಹತ್ತು ನಿಮಿಷದಲ್ಲಿ ಹೊರಟುಹೋದ. ಒತ್ತಡದ ಮಿತಿ ಕಾರ್ಖಾನೆಯಿಂದ ಬಂದಂತೆಯೇ 4ರಿಂದ 20 ಎಂದು ಉಳಿದಿತ್ತು. ಇದರಿಂದ ಎರಡು ತೊಂದರೆ. ನಿದ್ದೆ ಹತ್ತುವ ಮೊದಲು 4ರ ಒತ್ತಡದಲ್ಲಿ ಸಾಕಷ್ಟು ಗಾಳಿ ಬಾರದೆ ಉಸಿರು ಕಟ್ಟಿದಂತಾಗಿ ಮಾಸ್ಕ್ ಕಿತ್ತೊಗೆಯಬೇಕು ಅನಿಸುತ್ತಿತ್ತು. ನಡುರಾತ್ರಿ ಮಾಸ್ಕ್ ಸರಿದು ಗಾಳಿ ಸೋರಿದರೆ ಯಂತ್ರ ಒತ್ತಡವನ್ನು 17, 18ಕ್ಕೆ ಏರಿಸಿ ಹೊಟ್ಟೆಯೊಳಗೆಲ್ಲ ಗಾಳಿ ತುಂಬಿ, ಬೆಳಿಗ್ಗೆ ಎದ್ದರೆ ಮದುವೆ ಊಟ ಮುಗಿಸಿದವನಂತೆ ತೇಗು. ಐದು ವಾರದ ಮೇಲೆ ವೈದ್ಯರು ಯಂತ್ರದ ಲೆಕ್ಕ ದಾಖಲಾಗುವ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿ 7ರಿಂದ 13ಕ್ಕೆ ಮಿತಿಗೊಳಿಸಿದರು. ಅಂದಿನಿಂದ ತೇಗೂ ನಿಂತಿತು, ಗಾಬರಿಯೂ ನಿಂತಿತು. ಹೊಸದಾಗಿ ಕೊಳ್ಳುವವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು: ಮೊದಲ ತಿಂಗಳೊಳಗೆ ಕಾರ್ಡಿನ ಲೆಕ್ಕವನ್ನು ವೈದ್ಯರ ಮುಂದಿಟ್ಟು ಒತ್ತಡದ ಮಿತಿಯನ್ನು ಗೊತ್ತುಮಾಡಿಸಿಕೊಳ್ಳಬೇಕು.

ಗುಬ್ಬಿ ತಾಲ್ಲೂಕಿನ ಊರಿನಿಂದ ಬಂದಿದ್ದ ಅಮ್ಮ ಆ ದಿನಗಳಲ್ಲಿ ಒಮ್ಮೆ ರಾತ್ರಿ ನೀರು ಕುಡಿಯಲು ಎದ್ದವಳು ಬಾಗಿಲಲ್ಲೇ ನಿಂತು, "ಇದೇನಪ್ಪಾ, ಆಸ್ಪತ್ರೇನ ಮನೆಗೇ ತಂದ್ಕಂಡ್ಯಾ?" ಎಂದು ಕೇಳಿದ್ದಳು. ಕಾಯಿಲೆ ಅಷ್ಟು ಜೋರಾಗಿಲ್ಲ ಎಂದು ಅವಳನ್ನು ನಂಬಿಸಲು ಎರಡು ದಿನ ಹಿಡಿಯಿತು.

ಇನ್ನು ದೀರ್ಘಕಾಲದ ಪರಿಣಾಮದ ವಿಷಯ. ಇಲ್ಲಿ ನಿಧಾನವಾಗಿ ಬರೆಯಬೇಕಾಗಿದೆ, ಏಕೆಂದರೆ ಅಂಗಡಿಯಲ್ಲಿ ಹೇಳುವುದಕ್ಕೂ ವೈದ್ಯಕೀಯ ಅಧ್ಯಯನಗಳು ಹೇಳುವುದಕ್ಕೂ ನನ್ನ ಮೈ ಹೇಳುವುದಕ್ಕೂ ಅಲ್ಲಲ್ಲಿ ವ್ಯತ್ಯಾಸವಿದೆ.

ಮೊದಲು ಕಂಡ ಬದಲಾವಣೆ ನಾನು ಎಣಿಸಿಯೇ ಇರದದ್ದು. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ. ಸಕ್ಕರೆ ಕಾಯಿಲೆ ಶುರುವಾಗಿದೆ ಎಂದೇ ಮನೆಯಲ್ಲಿ ನಿರ್ಧರಿಸಿದ್ದರು. ಮಾಸ್ಕ್ ಹಾಕಿದ ಎರಡನೆಯ ವಾರದಲ್ಲೇ ಅದು ಒಂದಕ್ಕೆ ಇಳಿಯಿತು, ಈಗ ಎಷ್ಟೋ ರಾತ್ರಿ ಏಳುವುದೇ ಇಲ್ಲ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಬಲವಾಗಿ ಉಸಿರೆಳೆಯಲು ಯತ್ನಿಸಿದಾಗ ಹೃದಯದ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ಹೃದಯ ತಪ್ಪು ತಿಳಿದು ಮೂತ್ರ ಹೆಚ್ಚಿಸುವ ಹಾರ್ಮೋನೊಂದನ್ನು ಬಿಡುತ್ತದೆ. ಗಂಟಲು ತೆರೆದಿದ್ದರೆ ಆ ತಪ್ಪು ತಿಳಿವಳಿಕೆಯೂ ಇಲ್ಲ. ನಡುವಯಸ್ಸಿನ ಎಷ್ಟು ಜನ ಇದನ್ನು ಪ್ರಾಸ್ಟೇಟಿನ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದಾರೋ.

ಹಗಲಿನ ಮಂಪರು ಹೋದದ್ದು ಎರಡನೆಯ ಲಾಭ, ಮತ್ತು ಇದೇ ದೊಡ್ಡದು. ಮೆಲ್ಬೋರ್ನಿನ ಎಪ್ವರ್ತ್ ಆಸ್ಪತ್ರೆಯ ಹೆಸರಿನಲ್ಲಿ 1991ರಿಂದ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿ ಇದೆ. ಕುಳಿತು ಓದುವಾಗ, ಟಿವಿ ನೋಡುವಾಗ, ಒಂದು ಗಂಟೆ ವಾಹನದಲ್ಲಿ ಪ್ರಯಾಣಿಕನಾಗಿ ಕುಳಿತಾಗ, ಹೀಗೆ ಎಂಟು ಸನ್ನಿವೇಶಗಳಲ್ಲಿ ತೂಕಡಿಸುವ ಸಂಭವವೆಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿಕೊಳ್ಳಬೇಕು. ಹತ್ತು ದಾಟಿದರೆ ಹೆಚ್ಚು. ಯಂತ್ರ ಕೊಳ್ಳುವ ಮೊದಲು ನನಗೆ 17 ಬಂದಿತ್ತು, ಮೂರು ತಿಂಗಳಿಗೆ 8, ಈ ವರ್ಷ 6. ಉಳಿದ ಆರರಲ್ಲಿ ಮೂರು, ಮಧ್ಯಾಹ್ನದ ಊಟದ ನಂತರ ಎಂಬ ಸನ್ನಿವೇಶದ್ದು. ಮುದ್ದೆ ಉಂಡವನಿಗೆ ಅದಕ್ಕಿಂತ ಕಡಿಮೆ ಹಾಕಿಕೊಳ್ಳುವುದು ಸುಳ್ಳಾಗುತ್ತದೆ. ಯಶವಂತಪುರ ತಪ್ಪಿಸಿದ್ದು 2019ರ ಏಪ್ರಿಲ್ಲಿನಿಂದ ಈಚೆಗೆ ಒಮ್ಮೆಯೂ ಇಲ್ಲ. ಯಂತ್ರದ ಲೆಕ್ಕದಲ್ಲಿ ಗಂಟೆಗೆ 38 ಇದ್ದದ್ದು ಎರಡು ಮೂರರ ಆಸುಪಾಸಿನಲ್ಲೇ ನಿಂತಿದೆ. ಆರು ವರ್ಷದಲ್ಲಿ ಈ ಪರಿಣಾಮ ಸವೆದಿಲ್ಲ, ಮಾತ್ರೆಗಳಿಗೆ ಮೈ ಒಗ್ಗಿಹೋಗುವಂತೆ ಗಾಳಿಗೆ ಗಂಟಲು ಒಗ್ಗಿಹೋಗಿಲ್ಲ.

ರಕ್ತದೊತ್ತಡದಲ್ಲಿ ನನ್ನ ನಿರೀಕ್ಷೆ ಹುಸಿಯಾಯಿತು. ಮಾತ್ರೆ ಬಿಡಬಹುದು ಎಂದು ಅಂಗಡಿಯವರು ಹೇಳಿದ್ದರು. ಆಗ ಎರಡು ಮಾತ್ರೆ ನುಂಗುತ್ತಿದ್ದೆ, ಈಗಲೂ ಎರಡು. ಸಿಪ್ಯಾಪಿನಿಂದ ರಕ್ತದೊತ್ತಡ ಇಳಿಯುವುದು ನಿಜವಾದರೂ ಸರಾಸರಿ ಇಳಿಕೆ ಎರಡು ಮೂರು ಅಂಕಗಳಷ್ಟು ಮಾತ್ರ. ಮೂರು ನಾಲ್ಕು ಮಾತ್ರೆ ನುಂಗಿದರೂ ಬಗ್ಗದ ರಕ್ತದೊತ್ತಡ ಉಳ್ಳವರಿಗೆ ಲಾಭ ತುಸು ಹೆಚ್ಚು. ಸಕ್ಕರೆಯ ಅಂಶದ ಮೇಲೂ ಭರವಸೆ ಇಡುವಂತಹ ಪರಿಣಾಮ ಕಂಡಿಲ್ಲ. ತೂಕವಂತೂ ಇಳಿಯುವುದಿಲ್ಲ, ಚೆನ್ನಾಗಿ ನಿದ್ದೆ ಮಾಡಿದರೆ ತಾನಾಗಿ ಕರಗುತ್ತದೆ ಎಂಬ ಮಾತನ್ನು ನಂಬಬೇಡಿ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಳಕೆದಾರರ ತೂಕ ಸ್ವಲ್ಪ ಏರಿದ್ದೇ ಕಂಡಿದೆ. ನನ್ನದು ನಾಲ್ಕು ಕಿಲೋ ಏರಿತು. ಅದರಲ್ಲಿ ಯಂತ್ರದ ಪಾಲೆಷ್ಟು, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆಯ ಪಾಲೆಷ್ಟು ಎಂಬುದು ಚರ್ಚೆಯ ವಿಷಯ.

ಹೃದಯದ ಪ್ರಶ್ನೆ ಎಲ್ಲಕ್ಕಿಂತ ಕಠಿಣ. 2005ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ಗಂಡಸರನ್ನು ಸರಾಸರಿ ಹತ್ತು ವರ್ಷ ಗಮನಿಸಿ, ತೀವ್ರ ಕಾಯಿಲೆಯಿದ್ದೂ ಚಿಕಿತ್ಸೆ ಪಡೆಯದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸಿಪ್ಯಾಪ್ ಬಳಸಿದವರಿಗಿಂತ ಹೆಚ್ಚು ಎಂದು ತೋರಿಸಿತು. ಆದರೆ ಮಾಸ್ಕನ್ನು ಬಿಡದೆ ಹಾಕಿಕೊಳ್ಳುವ ಮನುಷ್ಯ ಮಾತ್ರೆಯನ್ನೂ ಬಿಡದೆ ನುಂಗುತ್ತಾನೆ, ನಡಿಗೆಗೂ ಹೋಗುತ್ತಾನೆ. ಲಾಭ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ಅದಕ್ಕಾಗಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ದೊಡ್ಡ ಪರೀಕ್ಷೆ ಸೇವ್. ಭಾರತವೂ ಸೇರಿ ಏಳು ದೇಶಗಳ, ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ಜನ ಅದರಲ್ಲಿದ್ದರು. 2016ರಲ್ಲಿ ಫಲಿತಾಂಶ ಬಂತು. ಸರಾಸರಿ 3.7 ವರ್ಷದ ನಂತರ ಸಿಪ್ಯಾಪ್ ಗುಂಪಿನ ನೂರಕ್ಕೆ 17 ಜನರಿಗೂ ಇನ್ನೊಂದು ಗುಂಪಿನ 15.4 ಜನರಿಗೂ ಹೃದಯಕ್ಕೋ ಮೆದುಳಿಗೋ ಸಂಬಂಧಿಸಿದ ಆಘಾತಗಳಾಗಿದ್ದವು, ಅಂದರೆ ರಕ್ಷಣೆ ಸಿಕ್ಕಿತೆನ್ನಲು ಆಧಾರ ದೊರೆಯಲಿಲ್ಲ. ಗೊರಕೆ, ಹಗಲಿನ ಮಂಪರು, ಮನಸ್ಸಿನ ಸ್ಥಿತಿ ಇವು ಮಾತ್ರ ಸ್ಪಷ್ಟವಾಗಿ ಸುಧಾರಿಸಿದ್ದವು.

ಈ ಫಲಿತಾಂಶವನ್ನು ಹಿಡಿದುಕೊಂಡು ಯಂತ್ರವೇ ದಂಡ ಎನ್ನುವವರು ಅದರ ಇನ್ನೊಂದು ಅಂಕಿಯನ್ನೂ ನೋಡಬೇಕು. ಆ ಜನ ಮಾಸ್ಕ್ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿಗಿಂತ ಹೆಚ್ಚು ಹೊತ್ತು ಅವರ ಗಂಟಲು ಹಿಂದಿನಂತೆಯೇ ಮುಚ್ಚುತ್ತಿತ್ತು. ಬೆಳಗಿನ ಜಾವದ ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಅತಿಯಾಗಿ ಸಡಿಲಗೊಳ್ಳುವುದರಿಂದ ಕಾಯಿಲೆ ಹಲವರಲ್ಲಿ ಆಗಲೇ ಜೋರು, ಮತ್ತು ಬೇಸತ್ತ ಮಂದಿ ಮಾಸ್ಕ್ ಕಿತ್ತು ಪಕ್ಕಕ್ಕಿಡುವುದೂ ಆಗಲೇ. ಅದೇ ವರ್ಷ ಬಂದ ಸ್ವೀಡನ್ನಿನ ಒಂದು ಸಣ್ಣ ಪರೀಕ್ಷೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಾಣದಿದ್ದರೂ ನಾಲ್ಕು ಗಂಟೆ ಮತ್ತು ಅದಕ್ಕಿಂತ ಹೆಚ್ಚು ಬಳಸಿದವರಲ್ಲಿ ಆಘಾತಗಳು ಕಡಿಮೆ ಇದ್ದವು. ಸೇವ್ ಪರೀಕ್ಷೆಯಲ್ಲಿ ಹಗಲೆಲ್ಲ ವಿಪರೀತ ತೂಕಡಿಸುವವರನ್ನು ಸೇರಿಸಿಕೊಂಡಿರಲೂ ಇಲ್ಲ. ಅಂಥವರನ್ನು ಚಿಕಿತ್ಸೆಯಿಲ್ಲದೆ ಬಿಡುವುದು ಸರಿಯಲ್ಲವಲ್ಲ. ಆದ್ದರಿಂದ ನಾನು ಕಟ್ಟಿಕೊಂಡಿರುವ ಅಭಿಪ್ರಾಯ ಇಷ್ಟು: ಈ ಯಂತ್ರ ಹೃದಯ ಕಾಯುತ್ತದೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದು ಈಗಿನ ತಿಳಿವಳಿಕೆಯಲ್ಲಿ ಆಧಾರ ಸಾಲದ ಮಾತು, ಹಗಲು ಎಚ್ಚರವಾಗಿರಲು, ವಾಹನ ಓಡಿಸುವಾಗ ಪ್ರಾಣ ಉಳಿಸಿಕೊಳ್ಳಲು ಕೊಳ್ಳುವುದಾದರೆ ಅನುಮಾನವೇ ಬೇಡ. ಎರಡಕ್ಕೂ ಗಂಟೆಗಳ ಲೆಕ್ಕ ಮುಖ್ಯ. ರಾತ್ರಿಗೆ ನಾಲ್ಕು ಗಂಟೆ ಎಂಬುದು ವಿಮೆಯವರೂ ವೈದ್ಯರೂ ಅನುಕೂಲಕ್ಕೆ ಇಟ್ಟುಕೊಂಡ ಗೆರೆ, ಅಲ್ಲಿಗೆ ಚಿಕಿತ್ಸೆ ಪೂರ್ತಿಯಾಯಿತೆಂದು ಅರ್ಥವಲ್ಲ.

ಮಾಸ್ಕ್ ತೆಗೆದರೆ ಏನಾಗುತ್ತದೆ ಎಂಬುದನ್ನು ನಾನು ಮೈಮೇಲೆ ಪರೀಕ್ಷಿಸಿಕೊಂಡಿದ್ದೇನೆ. ಶಬರಿಮಲೆಗೆ ಹೋದಾಗ ಯಂತ್ರವನ್ನು ಮನೆಯಲ್ಲೇ ಬಿಟ್ಟೆ. ಬಸ್ಸಿನ ಮೊದಲ ರಾತ್ರಿಯೇ ಗೊರಕೆ ಮರಳಿತು. ಹಿಂದಿನ ಸೀಟಿನವರು ಬೆಳಿಗ್ಗೆ, "ಸ್ವಾಮಿ, ನಿಮ್ಮ ಮುಂದೆ ಬಸ್ಸಿನ ಹಾರನ್ನು ಏನೇನೂ ಅಲ್ಲ" ಎಂದು ಕೈಮುಗಿದರು. ನಾಲ್ಕನೆಯ ದಿನ ಮನೆಗೆ ಬರುವಷ್ಟರಲ್ಲಿ ತಲೆ ಹಳೆಯ ಮಂಜಿನಲ್ಲಿತ್ತು. ಎರಡು ವಾರ ಸಿಪ್ಯಾಪ್ ನಿಲ್ಲಿಸಿ ನೋಡಿದ ಅಧ್ಯಯನದಲ್ಲಿಯೂ ಕಾಯಿಲೆ ಕೆಲವೇ ದಿನಗಳಲ್ಲಿ ಮರಳಿ, ಬೆಳಗಿನ ರಕ್ತದೊತ್ತಡ ಏರಿತ್ತು. ಆರು ವರ್ಷ ಊದಿದ ಗಾಳಿ ಗಂಟಲನ್ನು ಒಂದಿಷ್ಟೂ ದುರಸ್ತಿ ಮಾಡಿರುವುದಿಲ್ಲ. ಕನ್ನಡಕದಂತೆ ಇದು, ಹಾಕಿಕೊಂಡಾಗ ಮಾತ್ರ ಕಾಣುತ್ತದೆ.

ಆ ಯಾತ್ರೆಯ ವಿಷಯ ಬಂದದ್ದರಿಂದ ಮಾಸ್ಕಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮಾಲೆ ಹಾಕಿಕೊಂಡ ಮೇಲೆ ಗಡ್ಡ ತೆಗೆಯುವಂತಿಲ್ಲ. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನ ಸಿಲಿಕಾನ್ ಅಂಚು ಹತ್ತನೆಯ ದಿನದ ಗಡ್ಡದ ಮೇಲೆ ಕೂರುವುದಿಲ್ಲ; ಕೂದಲ ಸಂದಿನಿಂದ ಗಾಳಿ ಸೀಟಿ ಹೊಡೆಯುತ್ತಾ ನೇರವಾಗಿ ಕಣ್ಣಿಗೆ ಬಡಿಯುತ್ತದೆ, ಬೆಳಿಗ್ಗೆ ಕಣ್ಣು ಕೆಂಡದಂತಾಗಿರುತ್ತದೆ. ಪಟ್ಟಿ ಬಿಗಿದರೆ ಮೂಗಿನ ಸೇತುವೆಯ ಮೇಲೆ ಹುಣ್ಣು. ಮೂಗಿನ ಹೊಳ್ಳೆಗಳಿಗಷ್ಟೇ ತಾಗಿ ಕೂರುವ ಸಣ್ಣ ಮೆತ್ತೆಗಳ ಮಾಸ್ಕೊಂದಿದೆ ಎಂಬುದನ್ನು ಅಂಗಡಿಯವರು ಹೇಳಲಿಲ್ಲ, ರೈಲಿನ ಆ ಗೆಳೆಯರೇ ಹೇಳಿದರು. ಅದನ್ನು ಕೊಂಡ ಮೇಲೆ ಗಡ್ಡ ಮೀಸೆಗಳ ತಕರಾರಿಲ್ಲ, ಅಂಗಾತ ಮಲಗಬೇಕೆಂಬ ಕಟ್ಟಳೆಯೂ ಇಲ್ಲ. ಬಾಯಿ ತೆರೆದು ಮಲಗುವವರಿಗೆ ಇದು ಆಗಿಬರುವುದಿಲ್ಲ. ಗಾಳಿ ಮೂಗಿನಲ್ಲಿ ಬಂದು ಬಾಯಿಂದ ಹೊರಟುಹೋಗುತ್ತದೆ. ಬಿಗಿಯಾದ ಮಾಸ್ಕನ್ನು ವರ್ಷಗಟ್ಟಲೆ ಹಾಕಿಕೊಂಡವರ ಮುಂಬಲ್ಲುಗಳು ಅತಿ ಸ್ವಲ್ಪ ಹಿಂದಕ್ಕೆ ವಾಲುವುದೂ ಅಧ್ಯಯನಗಳಲ್ಲಿ ಕಂಡಿದೆ. ನನ್ನ ಹಲ್ಲಿಗೆ ಏನೂ ಆಗಿಲ್ಲ, ಕೆನ್ನೆಯ ಮೇಲೆ ಪಟ್ಟಿಯ ಗುರುತು ಮಾತ್ರ ಬೆಳಿಗ್ಗೆ ಎಂಟೂವರೆಯವರೆಗೆ ಉಳಿಯುತ್ತದೆ.

ನೀರಿನ ಡಬ್ಬಿಯ ಕಥೆ ನಮ್ಮ ಜಿಲ್ಲೆಯದೇ ವಿಶೇಷ. ಒಣ ಗಾಳಿಯಿಂದ ಮೂಗು ಕಟ್ಟದಿರಲೆಂದು ಯಂತ್ರಕ್ಕೆ ಹೊಂದಿಕೊಂಡಂತೆ ಒಂದು ಡಬ್ಬಿಯಿರುತ್ತದೆ. ಅದರ ತಳ ಬೆಚ್ಚಗಾಗಿ, ಮೇಲೆ ಹಾಯುವ ಗಾಳಿ ತೇವವಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ಎಂದು ಪುಸ್ತಕದಲ್ಲಿ ಬರೆದಿತ್ತು. ನಾನು ಬುದ್ಧಿವಂತಿಕೆ ಮಾಡಿ ಬೋರ್ ನೀರನ್ನೇ ಕುದಿಸಿ ಆರಿಸಿ ಹಾಕಿದೆ. ಮೂರು ವಾರದಲ್ಲಿ ಡಬ್ಬಿಯ ತಳದಲ್ಲಿ ಹಳೆಯ ಹಂಡೆಯ ಒಳಮೈಯಂತೆ ಬಿಳಿ ಪಕ್ಕು ಕಟ್ಟಿತು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹೇಮಾವತಿ ನೀರು ನಲ್ಲಿಗೆ ಬಂದ ದಿನ ಹಿಡಿದಿಟ್ಟು ಹಾಕಿದಾಗ ಪಕ್ಕು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಆಮೇಲೆ ಬ್ಯಾಟರಿ ಅಂಗಡಿಯ ನೀರು ತಂದೆ; ಉಸಿರಾಟಕ್ಕೆಂದು ತಯಾರಿಸಿದ ನೀರಲ್ಲ ಅದು ಎಂದು ವೈದ್ಯರು ಬೈದರು. ಈಗ ಮೆಡಿಕಲ್ ಸ್ಟೋರಿಗೆ ಹೇಳಿ ಐದು ಲೀಟರಿನ ಕ್ಯಾನ್ ತರಿಸಿಕೊಳ್ಳುತ್ತೇನೆ. ಪಾವಗಡದ ಕಡೆಯ ನೆಂಟರೊಬ್ಬರು, ನಮ್ಮ ನೀರಿನ ಫ್ಲೋರೈಡು ಗಾಳಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆಯೇ ಎಂದು ಆತಂಕದಿಂದ ಕೇಳಿದ್ದರು. ಹೋಗುವುದಿಲ್ಲ, ಇಲ್ಲಿ ನೀರು ಆವಿಯಾಗುತ್ತದೆ, ಹನಿಯಾಗಿ ಸಿಡಿಯುವುದಿಲ್ಲ, ಹಾಗಾಗಿ ಲವಣವೆಲ್ಲ ಡಬ್ಬಿಯಲ್ಲೇ ನಿಲ್ಲುತ್ತದೆ. ಕಟ್ಟಿದ ಪಕ್ಕಿಗೆ ಒಂದು ಪಾಲು ವಿನಿಗರ್, ಒಂಬತ್ತು ಪಾಲು ನೀರು ಹಾಕಿ ನೆನೆಸಿಟ್ಟರೆ ಬಿಟ್ಟುಕೊಳ್ಳುತ್ತದೆ.

ಮಾಗಿಯ ಚಳಿಯಲ್ಲಿ ಇದೇ ತೇವ ಕಾಟ ಕೊಡುತ್ತದೆ. ಡಬ್ಬಿಯಿಂದ ಬೆಚ್ಚಗೆ ಹೊರಟ ಗಾಳಿ ತಣ್ಣಗಿನ ಕೊಳವೆಯಲ್ಲಿ ಹನಿಗಟ್ಟಿ, ಮೂರು ಗಂಟೆಗೆ ಹುಕ್ಕಾ ಸೇದಿದಂತೆ ಗುಳುಗುಳು ಸದ್ದಾಗಿ, ಒಂದು ತಣ್ಣನೆಯ ಹನಿ ಮೂಗಿನೊಳಗೆ ಬೀಳುತ್ತದೆ. ಒಳಗೇ ಬಿಸಿಯಾಗುವ ಕೊಳವೆಗಳಿವೆ, ಬೆಲೆ ಹೆಚ್ಚು. ನನ್ನ ಶ್ರೀಮತಿ ಹಳೆಯ ಉಣ್ಣೆಯ ಶಾಲನ್ನು ಉದ್ದಕ್ಕೆ ಕತ್ತರಿಸಿ ಕೊಳವೆಗೆ ಕುಪ್ಪಸ ಹೊಲಿದುಕೊಟ್ಟರು. ಐದು ಚಳಿಗಾಲ ಅದರಲ್ಲೇ ಕಳೆದಿವೆ. ಕರೆಂಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಮನೆಯಲ್ಲಿದ್ದ ಹಳೆಯ ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಅಡಾಪ್ಟರು ಝುಂಯ್ ಎನ್ನುತ್ತಾ ಕಾಯುತ್ತಿತ್ತು, ಪ್ಯೂರ್ ಸೈನ್ ವೇವಿನದು ಹಾಕಿಸಿದ ಮೇಲೆ ಸರಿಹೋಯಿತು. ನೀರು ಕಾಯಿಸುವುದನ್ನು ನಿಲ್ಲಿಸಿದರೆ ಯಂತ್ರ ಎಳೆಯುವ ವಿದ್ಯುತ್ತು ಬಹಳ ಕಡಿಮೆ, ಬ್ಯಾಟರಿಯಲ್ಲಿ ರಾತ್ರಿಯೆಲ್ಲ ನಡೆಯುತ್ತದೆ.

ಖರ್ಚು ಹೇಳುತ್ತೇನೆ. ಯಂತ್ರಕ್ಕೆ ಕೊಟ್ಟದ್ದು 58,000 ರೂಪಾಯಿ. ನನ್ನ ಆರೋಗ್ಯ ವಿಮೆಯಿಂದ ಒಂದು ಪೈಸೆಯೂ ಬರಲಿಲ್ಲ, ಮನೆಬಳಕೆಯ ಉಪಕರಣ ಪಾಲಿಸಿಯಲ್ಲಿ ಸೇರುವುದಿಲ್ಲ ಎಂದರು. ಆದರೆ ಆರೂವರೆ ವರ್ಷದಲ್ಲಿ ನಾಲ್ಕು ಮಾಸ್ಕ್, ಒಂಬತ್ತು ಮೆತ್ತೆ, ಎರಡು ಕೊಳವೆ, ಮೂರು ತಿಂಗಳಿಗೊಮ್ಮೆ ಫಿಲ್ಟರ್, ನೀರಿನ ಕ್ಯಾನುಗಳು ಸೇರಿ 73,000 ದಾಟಿದೆ. ಯಂತ್ರ ಮಾರುವವರು ಈ ಎರಡನೆಯ ಲೆಕ್ಕವನ್ನು ಎಂದಿಗೂ ಹೇಳುವುದಿಲ್ಲ. ಕೈಬೆರಳ ಗಾತ್ರದ ಸಿಲಿಕಾನ್ ಮೆತ್ತೆಯೊಂದಕ್ಕೆ 2,800 ರೂಪಾಯಿ, ಅದೂ ತುಮಕೂರಿನಲ್ಲಿ ಸಿಗುವುದಿಲ್ಲ. ನಮ್ಮ ಅಂಗಡಿಯವರಿಗೆ ಫೋನ್ ಮಾಡಿದರೆ ನಾಳೆ ಎನ್ನುತ್ತಾರೆ, ಅವರ ನಾಳೆಗೆ ಒಮ್ಮೆ ಹನ್ನೊಂದು ದಿನ ಹಿಡಿದಿತ್ತು. ಹರಿದ ಮೆತ್ತೆಗೆ ಗಾಯಕ್ಕೆ ಹಾಕುವ ಟೇಪು ಸುತ್ತಿಕೊಂಡು ಮಲಗಿದ ಆ ಹನ್ನೊಂದು ರಾತ್ರಿಗಳ ಲೆಕ್ಕ ಕಾರ್ಡಿನಲ್ಲಿದೆ: ಸೋರಿಕೆ ಮೂರು ಪಟ್ಟು, ನಿದ್ದೆ ಎರಡು ಗಂಟೆ ಕಡಿಮೆ. ಅಂದಿನಿಂದ ಒಂದು ಮೆತ್ತೆಯನ್ನು ಮುಂಗಡವಾಗಿ ತಂದು ಬೀರುವಿನಲ್ಲಿ ಇಟ್ಟಿರುತ್ತೇನೆ. ಇಷ್ಟು ವರ್ಷಗಳಲ್ಲಿ ಅಂಗಡಿಯಿಂದ ತಾನಾಗಿ ಬಂದ ಕರೆ ಒಂದೇ, 2021ರ ಮೇ ತಿಂಗಳಿನಲ್ಲಿ, ಯಂತ್ರವನ್ನು ಮರಳಿ ಮಾರುವಿರಾ ಎಂದು. ಕೊರೋನಾದ ಎರಡನೆಯ ಅಲೆಯಲ್ಲಿ ಇವಕ್ಕೆ ಅಷ್ಟು ಬೇಡಿಕೆ ಬಂದಿತ್ತು.

ಹಳೆಯ ಯಂತ್ರ ಕೊಳ್ಳುವವರು ಒಂದು ವಿಷಯ ವಿಚಾರಿಸಲೇಬೇಕು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ, ಸದ್ದು ತಗ್ಗಿಸಲು ಒಳಗೆ ಹಾಕಿದ ಪಾಲಿಯುರೇಥೇನ್ ಫೋಮು ಕಾಲಕ್ರಮದಲ್ಲಿ ಪುಡಿಯಾಗಿ ಗಾಳಿಯ ದಾರಿಗೆ ಬರಬಹುದೆಂಬ ಕಾರಣದಿಂದ ಲಕ್ಷಾಂತರ ಯಂತ್ರಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಆ ಮಾದರಿಗಳಲ್ಲಿ ಯಾವುದಾದರೂ ಯಾರದೋ ಅಟ್ಟದಿಂದ ಇಳಿದು ಅಗ್ಗದ ಬೆಲೆಗೆ ನಿಮ್ಮ ಕೈಗೆ ಬರಬಾರದು. ಓಝೋನ್ ಬಿಟ್ಟು ಮಾಸ್ಕ್ ಶುಚಿ ಮಾಡುವ ಡಬ್ಬಿಗಳ ಜಾಹೀರಾತಿಗೂ ಮರುಳಾಗಬೇಡಿ. ಅಮೆರಿಕದ ಔಷಧ ನಿಯಂತ್ರಕರು 2020ರಲ್ಲೇ ಅವುಗಳ ಬಗ್ಗೆ ಎಚ್ಚರಿಸಿದ್ದಾರೆ. ಉಗುರು ಬೆಚ್ಚಗಿನ ನೀರು, ಸೌಮ್ಯವಾದ ಸೋಪು, ನೆರಳಿನಲ್ಲಿ ಒಣಗಿಸುವುದು ಇಷ್ಟಕ್ಕೆ ಮಾಸ್ಕ್ ಶುಚಿಯಾಗುತ್ತದೆ.

ಬೇರೆ ದಾರಿಗಳಿಲ್ಲವೇ ಎಂದು ಹಲವರು ಕೇಳುತ್ತಾರೆ. ಸೌಮ್ಯ ಕಾಯಿಲೆಯವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಕ್ಲಿಪ್ಪು ಕೆಲಸ ಮಾಡಬಹುದು, ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ಮಗ್ಗುಲಾಗಿ ಮಲಗುವುದೇ ಅರ್ಧ ಔಷಧಿ. ತೂಕ ಇಳಿಸಿದರೆ ಕಾಯಿಲೆ ಇಳಿಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಬೊಜ್ಜು ಮತ್ತು ಈ ಕಾಯಿಲೆ ಎರಡೂ ಇರುವವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅಂಗೀಕರಿಸಿದ್ದಾರೆ. ನನ್ನ ವೈದ್ಯರು ಅದನ್ನು ಪ್ರಸ್ತಾಪಿಸಿದ್ದಾರೆ, ನಾನಿನ್ನೂ ಯೋಚಿಸುತ್ತಿದ್ದೇನೆ.

ಮೋಟಾರಿನ ಸೂಚನೆ ಬಂದ ಮೇಲೆ ಮೂರು ಕಡೆ ಬೆಲೆ ಕೇಳಿದೆ. ಹಳೆಯ ಅಂಗಡಿಯವರು ಎಕ್ಸ್‌ಚೇಂಜಿಗೆ ನಾಲ್ಕು ಸಾವಿರ ಬಿಡುತ್ತೇವೆ ಎಂದರು. ಅವರನ್ನು ಬಿಟ್ಟು ಬೆಂಗಳೂರಿನ ಇನ್ನೊಬ್ಬರಿಗೆ ಒಪ್ಪಿಕೊಂಡಿದ್ದೇನೆ, ಅವರ ಬೆಲೆ ಆರು ಸಾವಿರ ಹೆಚ್ಚು, ಆದರೆ ಫೋನಿನಲ್ಲಿ ಮಾತನಾಡಿದ ಹೆಣ್ಣುಮಗಳು ಮೊದಲು ಕೇಳಿದ್ದು, "ಸಾರ್, ನಿಮ್ಮ ಮಾಸ್ಕ್ ಯಾವ ಸೈಜು, ಒತ್ತಡದ ಮಿತಿ ಎಷ್ಟಿಟ್ಟಿದಾರೆ?" ಎಂದು. ಹೊಸದು ಬರುವ ಶನಿವಾರ ಬರುತ್ತದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡದೆ, ಉಣ್ಣೆಯ ಕುಪ್ಪಸದ ಸಮೇತ ಗುಬ್ಬಿಯ ಮನೆಯಲ್ಲಿ ಇಡುವುದೆಂದು ತೀರ್ಮಾನಿಸಿದ್ದೇನೆ. ಹಬ್ಬಕ್ಕೆ ಊರಿಗೆ ಹೋದಾಗ ಯಂತ್ರ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.